ನಮ್ಮ ಹೊಂಡಕ್ಕೆ ಬಿದ್ದ ಜಿಂಕೆ ಮರಿ

ಕಳೆದ ರಮಝಾನಿನ ಮೊದಲ ವಾರ. ಕೊಂಡ್ಲಹಳ್ಳಿಯ ತೋಟದಲ್ಲಿ ಪಂಪ್ ಶೆಡ್ಡಿನ ಮುಂದೆ ಚಾಪೆ ಹಾಸಿ ಸುಬ್‌ಹಿ ನಮಾಝ್ ಮುಗಿಸಿ, ತಸ್ಬೀಹ್ ಹಿಡಿದು ಕೂತಿದ್ದೆವು. ಬೆಳಕು ಸರಿಯಾಗಿ ಹರಿದಿರಲಿಲ್ಲ. ಆಗ ಒಂದು ದನಿ ಕೇಳಿಸಿತು. ಮೊದಲು ಆಡಿನ ಮರಿ ಎಂದುಕೊಂಡೆವು. ಕುರಿಗಳ ಸೀಮೆ, ಯಾರದ್ದೋ ಹಿಂಡು ಹತ್ತಿರ ಬಂದಿರಬೇಕು ಎಂದು ಸುಮ್ಮನಾದೆವು. ಮತ್ತೆ ಕೇಳಿಸಿತು. ಈ ಸಲ ಅದರ ಹಿಂದೆಯೇ ಪ್ಲಾಸ್ಟಿಕ್ ಮೇಲೆ ಉಗುರು ಕೆರೆದಂತೆ ಸರಸರ ಸದ್ದು. ಭಾವ ಎದ್ದು ನಿಂತರು. "ಹೊಂಡಕ್ಕೆ ಎಂತದೋ ಬಿದ್ದಿದೆ ಮಾರಾಯ್ರೇ" ಅಂದರು.

ಓದುಗರಿಗೆ ಮೊದಲು ನಾವು ಅಲ್ಲಿಗೆ ಹೋದದ್ದೇಕೆ ಎಂದು ಹೇಳಬೇಕು. ಭಾವ ದಮ್ಮಾಮಿನಲ್ಲಿ ಹದಿನೆಂಟು ವರ್ಷ ದುಡಿದು ಊರಿಗೆ ಬಂದವರು. ಬಂದವರು ಮಂಗಳೂರಲ್ಲಿ ಅಂಗಡಿ ಹಾಕಲಿಲ್ಲ, ಫ್ಲ್ಯಾಟ್ ಕಟ್ಟಲಿಲ್ಲ. ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಬಯಲಲ್ಲಿ, ಅಲ್ಲಿನ ಒಬ್ಬ ರೈತರ ಜೊತೆ ಪಾಲಿನಲ್ಲಿ ದಾಳಿಂಬೆ ಹಾಕಿದರು. ಮನೆಯವರೆಲ್ಲ ತಲೆ ಕೆಟ್ಟಿದೆ ಎಂದೇ ಹೇಳಿದ್ದರು. ಈಗ ಲೆಕ್ಕಪತ್ರ ನೋಡಲು, ತೋಟದ ಆಳುಗಳಿಗೆ ಒಂದು ಇಫ್ತಾರ್ ಮಾಡಿಸಲು ನಾವು ನಾಲ್ವರು ಚಾರ್ಮಾಡಿ ಘಾಟಿ ಹತ್ತಿ ಹೋಗಿದ್ದೆವು.

ಕರಾವಳಿಯವರಿಗೆ ಆ ಸೀಮೆ ಒಮ್ಮೆಲೇ ಅರ್ಥವಾಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಲ್ಲಿ 500ರ ಆಸುಪಾಸು ಬಂದರೆ ಒಳ್ಳೆಯ ವರ್ಷ. ಶೇಂಗಾ ಹೊಲ, ಬಂಡೆಗುಡ್ಡ, ಬಳ್ಳಾರಿ ಜಾಲಿ, ಕುರಿ. ಬೋರ್‌ವೆಲ್ಲಿನ ನೀರು ಬೇಸಿಗೆಯಲ್ಲಿ ಬೀಡಿ ಹೊಗೆಯ ಹಾಗೆ ಬಂದು ನಿಲ್ಲುತ್ತದೆ. ಅದಕ್ಕೇ ಅಲ್ಲಿ ಹೊಲಕ್ಕೊಂದು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಇಂಥ ಹೊಂಡಗಳು ಸಾವಿರಗಟ್ಟಲೆ ಆದವು. ಚೌಕಾಕಾರದ ಗುಂಡಿ, ಮೂರು ಮೀಟರ್ ಆಳ, ನೀರು ಇಂಗದಂತೆ ಒಳಗೆಲ್ಲ ದಪ್ಪ ಕಪ್ಪು ಪಾಲಿಥೀನ್ ಹಾಸು. ಈ ಹೊಂಡಗಳಿಂದ ಬದುಕಿಕೊಂಡ ಬೆಳೆ ಎಷ್ಟೋ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕಪ್ಪು ಹಾಸು ಇದೆಯಲ್ಲ, ನೀರು ಇಳಿದ ಮೇಲೆ ಅದರ ಮೇಲೆ ಪಾಚಿಯ ತೆಳು ಪೊರೆ ಕಟ್ಟುತ್ತದೆ. ಕಾಲಿಟ್ಟರೆ ಸೋಪಿನ ಮೇಲೆ ಇಟ್ಟ ಹಾಗೆ.

ನಾವು ಓಡಿಹೋಗಿ ನೋಡಿದರೆ, ಅದು ಕೃಷ್ಣಮೃಗದ ಮರಿ. ತಿಂಗಳು ತುಂಬಿರಬಹುದು, ಅಷ್ಟೇ. ಮೈ ತೆಳು ಕಂದು, ಹೊಟ್ಟೆ ಬಿಳಿ, ಕಿವಿ ಎರಡೂ ಮೈಗೆ ಹೊಂದದಷ್ಟು ದೊಡ್ಡವು. ಇಳಿಜಾರಿನ ಹಾಸಿನ ಮೇಲೆ ನಿಲ್ಲಲು ನೋಡುತ್ತಿತ್ತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಜಾರುತ್ತಿದ್ದವು. ಎರಡು ಹೆಜ್ಜೆ ಹತ್ತುವುದು, ಹೊಟ್ಟೆ ನೆಲಕ್ಕೆ ತಾಗುವುದು, ಹಾಗೇ ನೀರಿಗೆ ಇಳಿಯುವುದು. ಮತ್ತೆ ಎದ್ದು ಅದೇ ಜಾಗದಲ್ಲಿ ಹತ್ತುವುದು. ರಾತ್ರಿ ಎಷ್ಟು ಹೊತ್ತಿನಿಂದ ಹೀಗೆ ಮಾಡುತ್ತಿತ್ತೋ.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ಹಿಂದಿನ ರಾತ್ರಿ ತರಾವೀಹ್ ಮುಗಿಸಿ ಮಲಗುವ ಮುಂಚೆ ನಾವು ಮೊಬೈಲಿನಲ್ಲಿ ಇಂಥದ್ದೇ ಒಂದನ್ನು ನೋಡಿದ್ದೆವು. ಕೆನಡಾದಲ್ಲಿರುವ ಸಂಬಂಧಿಕರ ಹುಡುಗ ಕುಟುಂಬದ ಗ್ರೂಪಿಗೆ ಹಾಕಿದ ವಿಡಿಯೊ. ಹೆಪ್ಪುಗಟ್ಟಿದ ಸರೋವರ, ಕಣ್ಣು ಹಾಯುವಷ್ಟು ಬಿಳಿ ಮಂಜುಗಡ್ಡೆ, ನಡುವೆ ಒಂದು ಜಿಂಕೆ ಮರಿ ಕಾಲು ಹರಡಿ ಬಿದ್ದಿದೆ. ಶೀತದೇಶಗಳಲ್ಲಿ ಇದು ಪ್ರತಿ ಚಳಿಗಾಲದಲ್ಲೂ ಆಗುವ ಸಂಗತಿಯಂತೆ. 2014ರಲ್ಲಿ ಅಮೆರಿಕದ ಮಿನ್ನೆಸೋಟದ ಆಲ್ಬರ್ಟ್ ಲೀ ಸರೋವರದಲ್ಲಿ ಸಿಕ್ಕಿಬಿದ್ದ ಜಿಂಕೆಗಳನ್ನು ತಂದೆ ಮಗ ಇಬ್ಬರು ಗಾಳಿಯ ಮೇಲೆ ತೇಲುವ ಹೋವರ್‌ಕ್ರಾಫ್ಟ್ ತೆಗೆದುಕೊಂಡು ಹೋಗಿ, ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದದ್ದು ಲೋಕವೆಲ್ಲ ನೋಡಿದ ವಿಡಿಯೊ. ಜಿಂಕೆಯ ಗೊರಸು ಎರಡು ಗಟ್ಟಿ ಉಗುರು ಇದ್ದ ಹಾಗೆ. ಮಣ್ಣಿನ ಮೇಲೆ ಅದು ಊರಿಕೊಳ್ಳುತ್ತದೆ, ಮಂಜುಗಡ್ಡೆಯ ಮೇಲೆ ಊರಲು ಏನೂ ಇಲ್ಲ. ಕಾಲು ಅಗಲಕ್ಕೆ ಹೋಗಿ ಸೊಂಟದ ಸ್ನಾಯು ಹರಿದರೆ ಮತ್ತೆ ಏಳುವುದಿಲ್ಲ. "ಅಲ್ಲಾಹ್, ಇಂಥ ಊರಲ್ಲಿ ಜನ ಹೇಗಪ್ಪಾ ಇರ್ತಾರೆ" ಎಂದು ನಾವು ಫೋನ್ ಬದಿಗಿಟ್ಟು ಮಲಗಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಮೂವತ್ತೆಂಟು ಡಿಗ್ರಿ ಬಿಸಿಲಿನ ಊರಲ್ಲಿ, ನಮ್ಮದೇ ಹೊಂಡದಲ್ಲಿ, ಅದೇ ಕಾಲು, ಅದೇ ಜಾರು.

ನಮ್ಮದೇ ಹೊಂಡ. ಇದನ್ನು ಒತ್ತಿ ಬರೆಯುತ್ತಿದ್ದೇವೆ. ಹೊಂಡದ ಸುತ್ತ ತಂತಿ ಬೇಲಿ ಇರಲೇಬೇಕು. ಇತ್ತು ಕೂಡ, ಮೂರು ಬದಿಗೆ. ನಾಲ್ಕನೇ ಬದಿಯಲ್ಲಿ ಟ್ರ್ಯಾಕ್ಟರ್ ಒಳಗೆ ತರಲು ಒಂದು ದಿನ ಬಿಚ್ಚಿದ ಬೇಲಿಯನ್ನು ಮತ್ತೆ ಕಟ್ಟಿರಲಿಲ್ಲ. ಎಂಟು ತಿಂಗಳು. "ನಾಳೆ ಕಟ್ಟುವ, ನಾಳೆ ಕಟ್ಟುವ ಅಂತ ಆಯ್ತು" ಎಂದು ಭಾವ ಆಮೇಲೆ ಎಷ್ಟು ಸಲ ಹೇಳಿದರೋ.

ನಮ್ಮ ಜೊತೆ ಬಂದಿದ್ದ ಅಕ್ಕನ ಮಗ ಹತ್ತೊಂಬತ್ತರ ಹುಡುಗ. ಶರಟು ಬಿಚ್ಚಿ ಇಳಿಯಲು ಹೊರಟೇಬಿಟ್ಟ. ನೇತ್ರಾವತಿಯಲ್ಲಿ ಈಜಿ ಬೆಳೆದವನು, ಅವನಿಗೆ ಎದೆಮಟ್ಟದ ನೀರು ಲೆಕ್ಕಕ್ಕಿಲ್ಲ. ಆಗ ಹಿಂದಿನಿಂದ ಒಂದು ಗದರಿಕೆ ಬಂತು: "ಏಯ್ ಹುಡುಗಾ, ಇಳೀಬ್ಯಾಡ! ಸಾಬ್ರೇ, ಹಿಡ್ಕೊಳ್ರಿ ಅವನ್ನ. ಇಳಿದ್ರೆ ಅದಕ್ಕಿಂತ ಮುಂಚೆ ಅವನೇ ಹೋಗ್ತಾನೆ."

ಮಾತಾಡಿದವರು ಒಬ್ಬ ಹಿರಿಯರು, ಅಲ್ಲಿಯ ಮ್ಯಾಸನಾಯಕರ ಕಿಲಾರಿ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸನಾಯಕರು ದೇವರ ಎತ್ತುಗಳೆಂದು ಹಿಂಡು ಸಾಕುತ್ತಾರೆ. ಆ ಎತ್ತಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವವರು ಕಿಲಾರಿಗಳು. ಇವರು ಎತ್ತು ಹೊಡೆದುಕೊಂಡು ಹೋಗುವಾಗ ನಮ್ಮ ಗಲಾಟೆ ಕೇಳಿ ಬಂದಿದ್ದರು. ಅವರು ಹೇಳಿದ್ದು ಹೆದರಿಸಲು ಹೇಳಿದ ಮಾತಲ್ಲ. ಇಂಥ ಹೊಂಡಗಳಲ್ಲಿ ಸಾಯುವುದು ಪ್ರಾಣಿಗಳಷ್ಟೇ ಅಲ್ಲ, ಈಜು ಬರುವ ಮನುಷ್ಯರೂ ಸಾಯುತ್ತಾರೆ. ನೀರಲ್ಲಿ ಮುಳುಗುವುದಕ್ಕಿಂತ ದಡಕ್ಕೆ ಹತ್ತಲಾಗದೆ ದಣಿದು ಸಾಯುವುದೇ ಹೆಚ್ಚು. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರು, ಅವರನ್ನು ಎತ್ತಲು ಇಳಿದ ಮತ್ತೊಬ್ಬರು. ಇಂಥ ಸುದ್ದಿ ಇದೇ ಪತ್ರಿಕೆಯ ಒಳಪುಟಗಳಲ್ಲಿ ನಾವು ನೀವು ಓದಿದವರೇ.

ಇನ್ನೊಂದು ಸಂಗತಿಯನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆವು. ಬರೆಯುತ್ತೇವೆ. ಹುಡುಗ ಹಿಂದೆ ಸರಿದ ಮೇಲೆ ನಾವು ನಾಲ್ವರೂ ಒಂದು ಗಳಿಗೆ ಕೈಕಟ್ಟಿ ನಿಂತೆವು. ಮರಿಯನ್ನು ಹೇಗೆ ತೆಗೆಯುವುದು ಎಂದಷ್ಟೇ ಆಗಿದ್ದರೆ ಸರಿ. ಆದರೆ ಮನಸ್ಸಿಗೆ ಬಂದ ಮೊದಲ ಚಿತ್ರ ಬೇರೆ. ಗಡ್ಡ, ಟೊಪ್ಪಿ, ಕೈಯಲ್ಲಿ ಕೃಷ್ಣಮೃಗದ ಮರಿ, ಯಾರೋ ತೆಗೆದ ಹತ್ತು ಸೆಕೆಂಡಿನ ವಿಡಿಯೊ, ಕೆಳಗೊಂದು ಸಾಲು. ಸಂಜೆಯೊಳಗೆ ಅದು ಎಲ್ಲೆಲ್ಲಿ ಹೋಗಿರುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹುಲಿ, ಆನೆಗಳ ಸಾಲಿನಲ್ಲಿ. ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ. 1998ರಲ್ಲಿ ಜೋಧಪುರದ ಹತ್ತಿರ ನಡೆದ ಬೇಟೆಗಾಗಿ ಸಲ್ಮಾನ್ ಖಾನ್‌ಗೆ 2018ರಲ್ಲಿ ಐದು ವರ್ಷ ಶಿಕ್ಷೆ ಘೋಷಣೆಯಾದದ್ದು ಇದೇ ಪ್ರಾಣಿಯ ಕೇಸಿನಲ್ಲಿ. ಒಂದು ಜೀವ ಕಣ್ಣೆದುರು ಜಾರುತ್ತಿರುವಾಗ ಅದನ್ನು ಮುಟ್ಟಿದರೆ ನಮಗೇನಾದೀತು ಎಂದು ಲೆಕ್ಕ ಹಾಕುವ ಹಾಗೆ ನಾವು ಆಗಿದ್ದೇವೆ. ಹೇಳಿಕೊಳ್ಳಲು ಹೆಮ್ಮೆಯ ವಿಷಯ ಅಲ್ಲ. ಭಯವನ್ನು ನಾವೇ ಹುಟ್ಟಿಸಿಕೊಂಡದ್ದೂ ಅಲ್ಲ.

ಕಿಲಾರಿ ಅಜ್ಜನಿಗೆ ನಮ್ಮ ಮುಖದಲ್ಲೇ ಗೊತ್ತಾಗಿರಬೇಕು. "ಫಾರೆಸ್ಟ್‌ನೋರಿಗೆ ಫೋನ್ ಮಾಡ್ರಿ ಮೊದ್ಲು. ಮಾಡಿ, ಆಮ್ಯಾಕೆ ಕೈ ಹಾಕೋಣ. ನಾನೂ ಇಲ್ಲೇ ಇರ್ತೀನಿ" ಅಂದರು. ಆ ಕೊನೆಯ ಮಾತು ಇಷ್ಟು ದಿನವಾದರೂ ನಮ್ಮ ಕಿವಿಯಲ್ಲಿದೆ. 1926ಕ್ಕೆ ಫೋನ್ ಮಾಡಿದೆವು. ಅದು ಅರಣ್ಯ ಇಲಾಖೆಯ ಸಹಾಯವಾಣಿ, ನಂಬರು ಬರೆದಿಟ್ಟುಕೊಳ್ಳಿ. ಊರು, ತಾಲ್ಲೂಕು, ಏನು ಬಿದ್ದಿದೆ ಎಂದು ಕೇಳಿಕೊಂಡರು. ಸ್ವಲ್ಪ ಹೊತ್ತಿಗೆ ಸ್ಥಳೀಯ ಅರಣ್ಯ ರಕ್ಷಕರೇ ವಾಪಸ್ ಫೋನ್ ಮಾಡಿದರು. ಬರಲು ಒಂದೂವರೆ ಗಂಟೆಯಾದರೂ ಬೇಕು ಎಂದರು. ಅಷ್ಟು ಹೊತ್ತು ಮರಿ ತಡೆಯುವುದಿಲ್ಲ ಎಂದಾಗ, ಹೇಗೆ ತೆಗೆಯಬೇಕು, ಏನು ಮಾಡಬಾರದು ಎಂದು ಫೋನಿನಲ್ಲೇ ಹೇಳಿದರು.

ಮಾಡಬಾರದ ಮೊದಲ ಕೆಲಸವನ್ನು ನಾವು ಆಗಲೇ ಮಾಡಿಬಿಟ್ಟಿದ್ದೆವು. ಅದೆಂದರೆ ಹೊಂಡದ ಸುತ್ತ ನಿಂತು ಕೂಗಾಡುವುದು. ಪಕ್ಕದ ಹೊಲಗಳಿಂದ ಹತ್ತಿಪ್ಪತ್ತು ಜನ ಸೇರಿದ್ದರು. ಜಿಂಕೆ ಜಾತಿಯ ಪ್ರಾಣಿ ಹೆದರಿಕೆಯಿಂದಲೇ ಸಾಯುತ್ತದೆ. ಓಡಿಸಿ, ಅಟ್ಟಿಸಿ, ಒದ್ದಾಡಿಸಿ ಹಿಡಿದರೆ ಮೈಯ ಸ್ನಾಯುಗಳೇ ಒಳಗೊಳಗೆ ಒಡೆದು ಆ ವಿಷ ರಕ್ತಕ್ಕೆ ಸೇರುತ್ತದೆ. ಹಿಡಿದಾಗ ಚೆನ್ನಾಗಿಯೇ ಇರುತ್ತದೆ, ಬಿಟ್ಟಾಗ ಓಡಿಯೂ ಹೋಗುತ್ತದೆ, ಮರುದಿನ ಪೊದೆಯಲ್ಲಿ ಸತ್ತು ಬಿದ್ದಿರುತ್ತದೆ. ಹಾಗಾಗಿ ಎಲ್ಲರನ್ನೂ ದೂರ ಕೂರಿಸಿ, ಬಾಯಿ ಮುಚ್ಚಿಸುವುದೇ ಅರ್ಧ ಕೆಲಸ. ಅಜ್ಜ ಅದನ್ನು ಒಂದು ಕೋಲು ಎತ್ತಿ ಮಾಡಿದರು. ಮೊಬೈಲ್ ಎತ್ತಿದ್ದ ಒಬ್ಬ ಹುಡುಗನಿಗೆ ಏನೋ ತೆಲುಗಿನಲ್ಲಿ ಗದರಿದರು, ಅವನು ಜೇಬಿಗೆ ಹಾಕಿಕೊಂಡ. ಆಂಧ್ರದ ಗಡಿ ಅಲ್ಲಿಂದ ಹತ್ತಿರ. ಮ್ಯಾಸನಾಯಕರ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ತೆಲುಗು. ನಮ್ಮ ಹಾಗೆಯೇ, ಮನೆಗೊಂದು ಮಾತು, ಪೇಟೆಗೊಂದು ಮಾತು.

ಪಂಪ್ ಶೆಡ್ಡಿನ ಹಿಂದೆ ಬಿದಿರಿನ ಏಣಿ ಇತ್ತು. ಅದರ ತಲೆಯನ್ನು ಬೇವಿನ ಮರಕ್ಕೆ ಹಗ್ಗದಿಂದ ಬಿಗಿದು ಇಳಿಜಾರಿನ ಮೇಲೆ ಮಲಗಿಸಿದೆವು. ಮೆಟ್ಟಿಲುಗಳ ಮೇಲೆ ನೆನೆಸಿದ ಗೋಣಿಚೀಲ ಹಾಸಿದೆವು. ನೆನೆದ ಗೋಣಿ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ, ಒಣ ಗೋಣಿ ಜಾರುತ್ತದೆ. ಇದೂ ಅಜ್ಜ ಹೇಳಿದ್ದೇ. ಅಕ್ಕನ ಮಗ ನಮ್ಮಲ್ಲಿ ಹಗುರದವನು. ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಮೂವರು ಹಿಡಿದೆವು. ಅವನು ಹೊಟ್ಟೆಯ ಮೇಲೆ ಮಲಗಿ ಏಣಿಯ ಮೇಲೆ ಇಳಿದ. ಕೆನಡಾದ ವಿಡಿಯೊದಲ್ಲೂ ಜನ ಹೀಗೆಯೇ ಮಂಜುಗಡ್ಡೆಯ ಮೇಲೆ ಉದ್ದಕ್ಕೆ ಮಲಗಿ ತೆವಳಿಕೊಂಡು ಹೋಗಿದ್ದರು, ಭಾರ ಒಂದೇ ಕಡೆ ಬೀಳದ ಹಾಗೆ.

ಮರಿ ಅವನನ್ನು ಕಂಡು ನೀರಿನ ನಡುವಿಗೆ ಹೋಯಿತು. ನಮ್ಮ ಎದೆ ಧಸಕ್ಕೆಂದಿತು. ಅಜ್ಜ ಅವಸರ ಮಾಡಲಿಲ್ಲ. ಡ್ರಿಪ್‌ನ ಉದ್ದ ಪೈಪೊಂದನ್ನು ಆಚೆ ದಡದಿಂದ ನೀರಿನ ಮೇಲೆ ಮೆಲ್ಲಗೆ ಬಿಟ್ಟರು. ಹೊಡೆಯಲಿಲ್ಲ, ಬಡಿಯಲಿಲ್ಲ, ಪೈಪು ನೀರ ಮೇಲೆ ಹಾವಿನ ಹಾಗೆ ತೇಲಿತು, ಅಷ್ಟೇ. ಮರಿ ಅದರಿಂದ ದೂರ ಸರಿಯುತ್ತಾ ಸರಿಯುತ್ತಾ ಏಣಿಯ ಬದಿಗೇ ಬಂತು. ಹುಡುಗ ಒದ್ದೆ ಗೋಣಿಯನ್ನು ಅದರ ಮೇಲೆ ಹಾಕಿ ಅಪ್ಪಿಕೊಂಡ. "ಕಣ್ಣು ಮುಚ್ರಿ, ಕಣ್ಣು ಮುಚ್ರಿ, ಜೀವ ತಡೀತೈತೆ" ಎಂದು ಅಜ್ಜ ಕೂಗಿದರು. ಹುಡುಗ ಹೆಗಲಿನ ಟವೆಲ್ ಎಳೆದು ಮರಿಯ ಮುಖಕ್ಕೆ ಸುತ್ತಿದ. ಒದೆಯುವುದು ನಿಂತಿತು. ನಾವು ಹಗ್ಗ ಎಳೆದೆವು.

ದಡಕ್ಕೆ ತಂದಾಗ ಅದರ ತೂಕ ನಾಲ್ಕೈದು ಕಿಲೋ ಇತ್ತೇನೋ. ಎದೆ ಹೊಡೆದುಕೊಳ್ಳುವುದು ಗೋಣಿಯ ಹೊರಗಿನಿಂದಲೇ ಕಾಣುತ್ತಿತ್ತು. ನಮ್ಮ ಮೊದಲ ಯೋಚನೆ, ಪಾಪ, ಹಾಲು ಕುಡಿಸೋಣ. ತೋಟದಲ್ಲಿ ಹಸು ಇತ್ತು, ಬಾಟಲಿಯೂ ಇತ್ತು. ಬೇಡವೆಂದು ಅರಣ್ಯ ರಕ್ಷಕರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಹಸುವಿನ ಹಾಲಿಗೆ ಇವುಗಳ ಹೊಟ್ಟೆ ಕೆಡುತ್ತದೆ, ಭೇದಿಯಾಗಿ ಸಾಯುತ್ತವೆ. ಹೆದರಿ ಏದುಸಿರು ಬಿಡುವ ಮರಿಗೆ ಬಾಯಿಗೆ ಏನು ಹೊಯ್ದರೂ ಶ್ವಾಸಕ್ಕೆ ಹೋಗುವ ಅಪಾಯ ಬೇರೆ. ಮನೆಗೆ ಒಯ್ಯಬೇಡಿ, ಶೆಡ್ಡಿಗೂ ಒಯ್ಯಬೇಡಿ, ತಾಯಿ ಎಲ್ಲೋ ಹತ್ತಿರವೇ ಇರುತ್ತದೆ ಎಂದರು.

ಇತ್ತು. ಅಷ್ಟು ಹೊತ್ತು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜಾಲಿ ಪೊದೆಗಳ ಆಚೆ, ಕಿತ್ತ ಶೇಂಗಾ ಹೊಲದ ಅಂಚಿನಲ್ಲಿ, ಕೊಂಬಿಲ್ಲದ ಒಂದು ಹೆಣ್ಣು ಜಿಂಕೆ ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ರಾತ್ರಿಯಿಡೀ ಅಲ್ಲೇ ಇದ್ದಿರಬೇಕು.

ಕೃಷ್ಣಮೃಗ ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮರಿ ಹಾಕುತ್ತದೆ. ಹುಟ್ಟಿದ ಮೊದಲ ಕೆಲವು ವಾರ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ತಾಯಿ ದೂರ ಮೇಯುತ್ತದೆ, ಹಾಲು ಕುಡಿಸಲು ಮಾತ್ರ ಬಂದು ಹೋಗುತ್ತದೆ. ಇದನ್ನು ತಿಳಿಯದೆ, ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿಯನ್ನು ಅನಾಥ ಎಂದು ಎತ್ತಿಕೊಂಡು ಬರುವ ಒಳ್ಳೆಯ ಮನಸ್ಸಿನವರು ಎಷ್ಟೋ ಜನ. ಅದು ಕಾಪಾಡಿದ್ದಲ್ಲ, ಕದ್ದದ್ದು. ಮನುಷ್ಯನ ಕೈ ವಾಸನೆ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಎಂದು ನಮ್ಮಲ್ಲೂ ಹೇಳುತ್ತಾರೆ. ವಾಸನೆಗಿಂತ ದೊಡ್ಡ ತೊಂದರೆ ಅಲ್ಲೇ ನಿಂತು ನೋಡುವ ಮನುಷ್ಯನೇ.

ಪ್ರವಾದಿ ಮುಹಮ್ಮದ್(ಸ)ರ ಸಂಗಡಿಗರು ಪ್ರಯಾಣದಲ್ಲಿ ಒಂದು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ಮೇಲೆ ರೆಕ್ಕೆ ಬಡಿಯುತ್ತಾ ಸುತ್ತತೊಡಗಿದ್ದು, ಅದನ್ನು ಕಂಡ ಪ್ರವಾದಿಯವರು ಮರಿಗಳನ್ನು ತಾಯಿಗೆ ವಾಪಸ್ ಕೊಡಿ ಎಂದು ಆಜ್ಞಾಪಿಸಿದ್ದು ಅಬೂದಾವೂದ್ ಸಂಗ್ರಹದಲ್ಲಿದೆ. ಬಾಯಾರಿದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನ ಹದೀಸ್ ನಮ್ಮ ಮದ್ರಸಗಳಲ್ಲಿ ಮಕ್ಕಳೆಲ್ಲ ಕಲಿಯುತ್ತಾರೆ, ಬುಖಾರಿಯಲ್ಲಿದೆ. ಆದರೆ ಆ ಹೊತ್ತಿಗೆ ನಮಗೆ ನೆನಪಾದದ್ದು ಉಮ್ಮನ ಉಮ್ಮ ಹೇಳುತ್ತಿದ್ದ ಕತೆ. ಬೇಟೆಗಾರನ ಬಲೆಗೆ ಬಿದ್ದ ತಾಯಿ ಜಿಂಕೆ, ಮರಿಗೆ ಹಾಲು ಕೊಟ್ಟು ಬರುತ್ತೇನೆಂದು ಬೇಡಿಕೊಂಡದ್ದು, ಪ್ರವಾದಿಯವರು ಅದಕ್ಕೆ ತಾವೇ ಜಾಮೀನು ನಿಂತದ್ದು, ಜಿಂಕೆ ಮಾತು ತಪ್ಪದೆ ಮರಳಿದ್ದು. ಕರೆಂಟಿಲ್ಲದ ಮಳೆಗಾಲದ ರಾತ್ರಿಗಳಲ್ಲಿ, ಚಿಮಣಿ ದೀಪದ ಬದಿಯಲ್ಲಿ ಇದನ್ನು ಕೇಳಿ ಅಳದ ಬ್ಯಾರಿ ಮಕ್ಕಳು ನಮ್ಮ ತಲೆಮಾರಿನಲ್ಲಿ ಕಡಿಮೆ. ಹದೀಸ್ ವಿದ್ವಾಂಸರು ಈ ಕತೆಯ ಸನದು ದುರ್ಬಲ ಎನ್ನುತ್ತಾರೆ. ಅದು ಅವರ ಕ್ಷೇತ್ರ, ನಾವು ವಾದಿಸುವುದಿಲ್ಲ. ಶೇಂಗಾ ಹೊಲದ ಅಂಚಿನಲ್ಲಿ ನಿಂತ ಆ ತಾಯಿಯನ್ನು ನೋಡಿದಾಗ ಉಮ್ಮಮ್ಮನ ದನಿಯೇ ಕೇಳಿಸಿತು ಎನ್ನುವುದಷ್ಟೇ ನಮ್ಮ ಮಾತು.

ಮರಿಯನ್ನು ಜಾಲಿಯ ನೆರಳಿಗೆ ಒಯ್ದು, ಗೋಣಿ ಸಡಿಲಿಸಿ, ಕೊನೆಗೆ ಟವೆಲ್ ತೆಗೆದು, ಹಿಂದೆ ನೋಡದೆ ಬಂದೆವು. ಅಜ್ಜ ಎಲ್ಲರನ್ನೂ ಶೆಡ್ಡಿನ ಆಚೆಗೆ ಅಟ್ಟಿದರು. ಅರಣ್ಯ ರಕ್ಷಕರು ಬಂದು, ದೂರದಿಂದ ದುರ್ಬೀನಿನಲ್ಲಿ ನೋಡಿ, ಹಿಂಗಾಲು ಒಂದು ಸ್ವಲ್ಪ ಕುಂಟಿದಂತಿದೆ, ಮೂಳೆ ಮುರಿದಿಲ್ಲ ಅನ್ನಿಸುತ್ತದೆ, ಸಂಜೆವರೆಗೆ ಬಿಡೋಣ ಎಂದರು. ತಾಯಿ ಬರದಿದ್ದರೆ ಆಗ ಪಶುವೈದ್ಯರನ್ನು ಕರೆಯುವುದು.

ಆ ಹಗಲು ಬಹಳ ಉದ್ದ. ಉಪವಾಸದಲ್ಲಿ ಬಯಲುಸೀಮೆಯ ಬಿಸಿಲು ಎಂದರೆ ಏನೆಂದು ನಮ್ಮ ಕರಾವಳಿಯವರಿಗೆ ಹೇಳಿದರೆ ಗೊತ್ತಾಗದು. ನಮ್ಮ ನಾಲಗೆ ಒಣಗಿದಾಗಲೆಲ್ಲ ಆ ಮರಿಯ ನೆನಪು. ಅದೂ ನೀರಿಗೆಂದು ಬಂದು ಬಿದ್ದದ್ದೇ ಅಲ್ಲವೇ. ಮೊದಲೆಲ್ಲ ಇವಕ್ಕೆ ಅಲೆಯಲು ಚಳ್ಳಕೆರೆಯ ಅಮೃತಮಹಲ್ ಕಾವಲುಗಳಿದ್ದವು, ಮೈಲುಗಟ್ಟಲೆ ಹುಲ್ಲು. ಕುದಾಪುರದ ಸುತ್ತ 8 ಸಾವಿರ ಎಕರೆಗೂ ಹೆಚ್ಚು ಕಾವಲು ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಇವುಗಳಿಗೆ ಹಂಚಿಕೆಯಾಗಿ, ಗೋಡೆಗಳು ಎದ್ದವು. ದೇಶಕ್ಕೆ ಅವೂ ಬೇಕು ಎನ್ನಬಹುದು. ಜಿಂಕೆಗೆ ನಕ್ಷೆ ಓದಲು ಬರುವುದಿಲ್ಲ. ಹುಲ್ಲು ಹುಡುಕಿಕೊಂಡು ಹೊಲಕ್ಕೆ ಬರುತ್ತದೆ, ನೀರು ಹುಡುಕಿಕೊಂಡು ಹೊಂಡಕ್ಕೆ. ಶೇಂಗಾ ಮೊಳಕೆ ಮೇಯ್ದುಹೋಗುವ ಜಿಂಕೆಯನ್ನು ಅಲ್ಲಿನ ರೈತ ಶಪಿಸುವುದೂ ಉಂಟು, ಅವನದ್ದೂ ಹೊಟ್ಟೆಪಾಡು. ಹಾಗಿದ್ದೂ ಆ ಬೆಳಿಗ್ಗೆ ಹಗ್ಗ ಹಿಡಿದ ಕೈಗಳಲ್ಲಿ ಎರಡು ಅಂಥ ರೈತರವೇ.

ಇದೇ ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ್ದು. ತಂದೆತಾಯಿಗೆ ವಿಧೇಯರಾಗಿರಬೇಕು, ಸತ್ಯ ಹೇಳಬೇಕು ಎಂಬುದರ ಜೊತೆಗೆ ಜೀವಿಗಳ ಬಗ್ಗೆ ದಯೆ ಗಟ್ಟಿಯಾಗಿರಬೇಕು ಎಂಬ ಅರ್ಥದ ಮಾತೂ ಅದರಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯದು. ಮಧ್ಯಾಹ್ನ ಹೊತ್ತು ಕಳೆಯಲು ನೋಡಿ ಬರೋಣ ಎಂದು ಒಬ್ಬರು ಸೂಚಿಸಿದರು. ಯಾರಿಗೂ ಶೆಡ್ಡು ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಕೂತಲ್ಲಿ ನಮ್ಮ ಊರಿನ ಮಾತು ಬಂತು. 2023ರ ಎಪ್ರಿಲಿನಲ್ಲಿ ಸುಳ್ಯದ ಅಜ್ಜಾವರದಲ್ಲಿ ತೋಟದ ಕೆರೆಗೆ ಮರಿಗಳೂ ಸೇರಿ ನಾಲ್ಕು ಆನೆ ಬಿದ್ದದ್ದು ನೆನಪಿರಬಹುದು. ಅಲ್ಲೂ ತೊಂದರೆ ಇದೇ, ಇಳಿಯಲು ದಾರಿ ಇತ್ತು, ಹತ್ತಲು ಇರಲಿಲ್ಲ. ಇಲಾಖೆಯವರೂ ಊರವರೂ ಸೇರಿ ದಡ ಕಡಿದು ಇಳಿಜಾರು ಮಾಡಿದ ಮೇಲೆ ಆನೆಗಳು ಹತ್ತಿದವು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಒಂದು ಮರಿ ಹಿಂಡಿನಿಂದ ಬೇರೆಯಾಗಿ ಉಳಿದುಹೋಯಿತು, ಹಿಂಡು ಮತ್ತೆ ಸೇರಿಸಿಕೊಳ್ಳಲಿಲ್ಲ, ಕೊನೆಗೆ ದುಬಾರೆ ಆನೆ ಶಿಬಿರಕ್ಕೆ ಒಯ್ಯಬೇಕಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಮೂಡುಬಿದಿರೆ ಬಳಿಯ ನಿಡ್ಡೋಡಿಯಲ್ಲಿ ಬಾವಿಗೆ ಬಿದ್ದ ಸುಮಾರು ಒಂದು ವರ್ಷದ ಚಿರತೆಗೆ ಅರಿವಳಿಕೆ ಚುಚ್ಚಲು ಪಶುವೈದ್ಯೆ ಡಾ. ಮೇಘನಾ ಪೆಮ್ಮಯ್ಯ ತಾವೇ ಬೋನಿನೊಳಗೆ ಕೂತು ಬಾವಿಗೆ ಇಳಿದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಪರಿಣತರು ಹೀಗೆ ಬೋನು ಕಟ್ಟಿಕೊಂಡು ಇಳಿಯುತ್ತಾರೆ. ನಮ್ಮಂಥವರು ಶರಟು ಬಿಚ್ಚಿ ಹಾರುತ್ತೇವೆ.

ಅಸರ್ ಕಳೆದು ಬಿಸಿಲು ಹಳದಿಯಾಗುವ ಹೊತ್ತು. ಭಾವ ಇಫ್ತಾರಿಗೆ ಖರ್ಜೂರದ ತಟ್ಟೆ ಜೋಡಿಸುತ್ತಿದ್ದರು. ಅಜ್ಜ ಅಲ್ಲಿಂದಲೇ ಕೈ ಮಾಡಿ ಕರೆದರು, ಬಾಯಿ ಬಿಡಲಿಲ್ಲ. ಶೆಡ್ಡಿನ ಗೋಡೆಗೆ ಒರಗಿ ನೋಡಿದೆವು. ತಾಯಿ ಹೊಲ ದಾಟಿ ಬರುತ್ತಿತ್ತು. ಹತ್ತು ಹೆಜ್ಜೆ ಇಡುವುದು, ನಿಲ್ಲುವುದು, ಕಿವಿ ಹೊರಳಿಸುವುದು. ಎಷ್ಟು ಸಲ ಹಾಗೆ ನಿಂತಿತೋ. ಜಾಲಿಯ ಬುಡಕ್ಕೆ ಬಂದು ತಲೆ ತಗ್ಗಿಸಿತು. ಮರಿ ಎದ್ದಿತು, ಒಂದು ಹಿಂಗಾಲು ಎತ್ತಿ ಇಡುತ್ತಾ, ನೇರ ಹೊಟ್ಟೆಯ ಕೆಳಗೆ ನುಗ್ಗಿತು.

ಆ ದಿನ ಮಗ್ರಿಬ್ ಅದಾನಿನ ನಂತರ ನೀರು ಕುಡಿದಾಗ ಯಾರೂ ಮಾತಾಡಲಿಲ್ಲ. ಅಜ್ಜ ನಮ್ಮ ಪಂಕ್ತಿಯಲ್ಲೇ ಕೂತಿದ್ದರು. ಕೋಳಿ ಬಡಿಸಲು ಹೋದಾಗ ಕೈ ಅಡ್ಡ ಹಿಡಿದರು, ಮ್ಯಾಸನಾಯಕರು ಕೋಳಿ ತಿನ್ನುವುದಿಲ್ಲ. ನಮಗೆ ಅದು ಗೊತ್ತಿರಲಿಲ್ಲ, ನಾಚಿಕೆಯಾಯಿತು. ಖರ್ಜೂರ, ಕಲ್ಲಂಗಡಿ, ಗಂಜಿ ಸಾಕು ಎಂದರು. ಮರಿ ಮುಂದೆ ಉಳಿಯಿತೋ ಇಲ್ಲವೋ ನಮಗೆ ತಿಳಿಯುವ ದಾರಿಯಿಲ್ಲ. ಮರುದಿನ ಬೆಳಿಗ್ಗೆ ಜಾಲಿಯ ಬುಡ ಖಾಲಿ ಇತ್ತು.

ಬೇಲಿಯನ್ನು ಭಾವ ಆ ರಾತ್ರಿಯೇ ಟಾರ್ಚ್ ಹಿಡಿದು ಕಟ್ಟಿಸಿದರು. ಬೇಲಿ ಹಾರಿಯೋ ನುಸುಳಿಯೋ ಬಂದದ್ದು ಬಿದ್ದರೆ? ಹೊಂಡದ ಒಳಗೆ ಹತ್ತಲು ಏನಾದರೂ ಬೇಕು. ನಮ್ಮಲ್ಲೊಬ್ಬರು ಉಳ್ಳಾಲದಿಂದ ಹಳೆಯ ಮೀನಿನ ಬಲೆ ತಂದು ಇಳಿಜಾರಿಗೆ ಹಾಸೋಣ ಎಂದರು. ಅರಣ್ಯ ರಕ್ಷಕರು ಬೇಡ ಎಂದರು, ಬಲೆಯ ಕಣ್ಣಿಗೆ ಗೊರಸು ಸಿಕ್ಕಿಕೊಂಡರೆ ಇನ್ನೂ ಕಷ್ಟ. ದಪ್ಪ ತೆಂಗಿನ ನಾರಿನ ಚಾಪೆಯನ್ನು ದಡದ ಮೇಲೆ ಗೂಟಕ್ಕೆ ಬಿಗಿದು ನೀರಿನ ತಳದವರೆಗೆ ಇಳಿಬಿಡಬಹುದು, ಹಳೆಯ ಟೈರುಗಳನ್ನು ಸರಪಳಿಯ ಹಾಗೆ ಕಟ್ಟಿ ಬಿಡಬಹುದು, ಒಂದೇ ಮೂಲೆಗೆ ಬೇಡ, ಎದುರುಬದುರು ಎರಡು ಕಡೆ ಎಂದರು. ಪ್ರಾಣಿಗೂ ಆಯಿತು, ಬಿದ್ದ ಮನುಷ್ಯನ ಮಗುವಿಗೂ ಆಯಿತು. ಒಂದು ಹೊಂಡಕ್ಕೆ ತಗಲುವುದು ದಾಳಿಂಬೆಯ ಒಂದೆರಡು ಕ್ರೇಟಿನ ಬೆಲೆ.

ನಾರಿಗೆ ನಮ್ಮಲ್ಲೇನು ಬರ. ಈದ್ ಮುಗಿಸಿ ಮತ್ತೆ ಹೋಗುವಾಗ ಪಿಕಪ್‌ನಲ್ಲಿ ಆರು ಸುರುಳಿ ನಾರಿನ ಚಾಪೆ ಹಾಕಿಕೊಂಡು ಹೋದೆವು. ಎರಡು ನಮ್ಮ ಹೊಂಡಕ್ಕೆ, ನಾಲ್ಕು ಪಕ್ಕದ ಎರಡು ಹೊಂಡಗಳಿಗೆ. ಪಕ್ಕದವರಲ್ಲಿ ಒಬ್ಬರು ಸಂತೋಷದಿಂದ ಹಾಕಿಸಿಕೊಂಡರು. ಇನ್ನೊಬ್ಬರು ಪ್ಲಾಸ್ಟಿಕ್ ತೂತಾದರೆ ಯಾರು ಕೊಡ್ತಾರೆ ಎಂದು ಕೇಳಿದರು. ಅವರದ್ದೂ ಸರಿ, ಆ ಹಾಸಿಗೆ ಕೊಟ್ಟ ದುಡ್ಡು ಅವರ ಒಂದು ವರ್ಷದ ದುಡಿಮೆ. ಗೂಟವನ್ನು ಹಾಸಿನ ಮೇಲೆ ಅಲ್ಲ, ದಡದ ಮಣ್ಣಿಗೆ ಹೊಡೆಯುವುದು ಎಂದು ಭಾವ ತೋರಿಸಿದರು. ಯೋಚಿಸಿ ಹೇಳ್ತೀನಿ ಸಾಬ್ರೇ ಎಂದರು. ಆ ಎರಡು ಸುರುಳಿ ಈಗಲೂ ಪಂಪ್ ಶೆಡ್ಡಿನಲ್ಲಿವೆ.